ಇಂದಲ್ಲ ನಾಳೆ ಬಣ್ಣ ಬಯಲಾದೀತೆಂಬ ಭಯ

ಈ ಸಂಚಿಕೆಗೆಂದು ಬಂದ ಪತ್ರಗಳನ್ನು ವಿಂಗಡಿಸುತ್ತಿದ್ದಾಗ ಐದು ಪತ್ರಗಳು ತಾವಾಗಿಯೇ ಒಂದು ಕಡೆ ಸೇರಿಕೊಂಡವು. ಬರೆದವರ ವಯಸ್ಸು, ವೃತ್ತಿ, ಊರು ಎಲ್ಲವೂ ಬೇರೆ ಬೇರೆಯಾಗಿದ್ದರೂ ಅವರನ್ನು ಕಾಡುತ್ತಿರುವ ಸಂಗತಿ ಒಂದೇ: ತಮಗೆ ದೊರೆತ ಹೆಸರಿಗೆ, ಹುದ್ದೆಗೆ, ಅಂಕಕ್ಕೆ ತಾವು ಅರ್ಹರಲ್ಲವೆಂದೂ ಅದು ಎಂದಾದರೊಂದು ದಿನ ಎಲ್ಲರಿಗೂ ತಿಳಿದುಹೋಗುತ್ತದೆಂದೂ ಒಳಗೊಳಗೇ ಕೊರೆಯುವ ಸಂಶಯ. ಇದಕ್ಕೆ ಇಂಪೋಸ್ಟರ್ ಸಿಂಡ್ರೋಮ್ ಎಂಬ ಹೆಸರು ಈಗ ರೂಢಿಗೆ ಬಂದಿದೆ. ಬಣ್ಣ ಬಯಲಾಗುವ ಭಯ ಎಂದರೆ ನಮ್ಮ ಕಡೆಯವರಿಗೆ ಇನ್ನೂ ಬೇಗ ಅರ್ಥವಾದೀತು. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಪತ್ರಗಳನ್ನು ಸಂಗ್ರಹಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಮೂಡುಬಿದಿರೆ ಕಡೆಯ ಒಂದು ಹಳ್ಳಿಯವಳು. ಅಮ್ಮ ಬೀಡಿ ಕಟ್ಟಿ ನನ್ನನ್ನೂ ತಮ್ಮನನ್ನೂ ಓದಿಸಿದರು. ಸಣ್ಣವಳಿದ್ದಾಗ ಅಮ್ಮನ ಜೊತೆ, ಲೆಕ್ಕ ಬರೆಯುವ ಬೀಡಿ ಬುಕ್ಕು ಹಿಡಿದುಕೊಂಡು, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೋಗುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆ ಕೋಟಾದಲ್ಲಿಯೇ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಪಡೆದೆ. ಎಂಟು ವರ್ಷಗಳಿಂದ ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಾಲ್ಕು ತಿಂಗಳ ಹಿಂದೆ ಒಂಬತ್ತು ಮಂದಿಯ ತಂಡಕ್ಕೆ ನನ್ನನ್ನು ಮುಖ್ಯಸ್ಥೆಯನ್ನಾಗಿ ಮಾಡಿದರು. ಅಂದಿನಿಂದ ನಿದ್ದೆ ಕೆಟ್ಟಿದೆ. ಮೀಟಿಂಗಿನಲ್ಲಿ ಆಡಬೇಕಾದ ಮಾತನ್ನೆಲ್ಲ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕುಳಿತು ಬರೆದು ಬಾಯಿಪಾಠ ಮಾಡುತ್ತೇನೆ. ಮೀಟಿಂಗ್ ಸರಿಯಾಗಿಯೇ ಮುಗಿಯುತ್ತದೆ. ‘ಇವತ್ತು ಹೇಗೋ ತಪ್ಪಿಸಿಕೊಂಡೆ’ ಎನಿಸುತ್ತದೆ. ಕಳೆದ ತಿಂಗಳು ರಾತ್ರಿ ಹೊತ್ತಿನಲ್ಲಿ ಒಂದು ಆಸ್ಪತ್ರೆಯ ಬಿಲ್ಲಿಂಗ್ ವ್ಯವಸ್ಥೆ ನಿಂತುಹೋಗಿ ಯಾರಿಗೂ ಕಾರಣ ಹೊಳೆಯದಿದ್ದಾಗ ಅದನ್ನು ಸರಿಪಡಿಸಿದ್ದು ನಾನು. ಗ್ರಾಹಕರು ಮೆಚ್ಚಿ ಮೇಲ್ ಬರೆದರು. ನಾನು ಅದನ್ನು ತಂಡದವರಿಗೆ ಕಳುಹಿಸಿ, ನನ್ನ ಪೆಟ್ಟಿಗೆಯಿಂದ ಅಳಿಸಿಬಿಟ್ಟೆ. ಏಕೆಂದರೆ ತಪ್ಪಿದ್ದ ಸಾಲು ಅದೃಷ್ಟವಶಾತ್ ನನ್ನ ಕಣ್ಣಿಗೆ ಬಿತ್ತು, ಅಷ್ಟೆ. ‘ಕೋಟಾದಲ್ಲಿ ಬಂದವರಿಗೂ ಈಗ ಟೀಮು ಕೊಡುತ್ತಾರೆ’ ಎಂದು ಸಹೋದ್ಯೋಗಿಯೊಬ್ಬರು ನಗೆಯಾಡಿದ್ದು ಕಿವಿಯಲ್ಲೇ ಕುಳಿತಿದೆ. ಹುದ್ದೆ ಬೇಡವೆಂದು ಬರೆದುಕೊಡಲೇ?
— ಹೆಸರು ಬೇಡ, ಮಂಗಳೂರು

ಉತ್ತರ: ಬರೆದುಕೊಡಬೇಡಿ, ಕನಿಷ್ಠಪಕ್ಷ ಈ ಪತ್ರದಲ್ಲಿರುವ ಕಾರಣಗಳಿಗಾಗಿ ಬೇಡ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಬಾರಿ ನಿಮ್ಮ ಆತಂಕ ಕಾಣಿಸಿತು. ಎರಡನೆಯ ಬಾರಿ, ಆತಂಕದ ನಡುವೆಯೇ ನೀವು ಮಾಡಿ ಮುಗಿಸಿದ ಕೆಲಸಗಳ ಪಟ್ಟಿ ಕಾಣಿಸಿತು. ಆ ಪಟ್ಟಿಯನ್ನು ಬರೆದವರು ನೀವೇ ಆಗಿದ್ದರೂ ಓದಿದವರು ನೀವಲ್ಲವೆಂದು ತೋರುತ್ತದೆ.

1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಓದಿನಲ್ಲಿಯೂ ವೃತ್ತಿಯಲ್ಲಿಯೂ ಮೇಲೆ ಬಂದ 150ಕ್ಕೂ ಹೆಚ್ಚು ಮಹಿಳೆಯರೊಡನೆ ನಡೆಸಿದ ಮಾತುಕತೆಯ ಆಧಾರದ ಮೇಲೆ ಈ ಮನಃಸ್ಥಿತಿಯನ್ನು ಮೊದಲ ಬಾರಿಗೆ ಹೆಸರಿಟ್ಟು ವಿವರಿಸಿದರು. ಪದವಿ, ಬಡ್ತಿ, ಮನ್ನಣೆ ಎಲ್ಲವೂ ಕೈಯಲ್ಲಿದ್ದ ಆ ಮಹಿಳೆಯರು ತಮ್ಮ ಯಶಸ್ಸಿಗೆ ಅದೃಷ್ಟವೋ, ಆಯ್ಕೆ ಮಾಡಿದವರ ತಪ್ಪು ಲೆಕ್ಕಾಚಾರವೋ ಕಾರಣವೆಂದು ನಂಬಿದ್ದರು. ಕ್ಲಾನ್ಸ್ ಅವರು ಮುಂದೆ ವಿವರಿಸಿದ ಒಂದು ಸುತ್ತು ನಿಮ್ಮ ಪತ್ರದಲ್ಲಿ ಯಥಾವತ್ತಾಗಿ ಇದೆ. ಹೊಸ ಕೆಲಸವೊಂದು ಬರುತ್ತದೆ, ಆತಂಕವಾಗುತ್ತದೆ. ಆ ಆತಂಕದಲ್ಲಿ ಮನುಷ್ಯರು ಒಂದೋ ಅಗತ್ಯಕ್ಕಿಂತ ಹತ್ತು ಪಾಲು ಹೆಚ್ಚು ಸಿದ್ಧತೆ ಮಾಡುತ್ತಾರೆ, ಇಲ್ಲವೇ ಕೊನೆಯ ಗಳಿಗೆಯವರೆಗೆ ಮುಂದೂಡಿ ಧಾವಂತದಲ್ಲಿ ಮುಗಿಸುತ್ತಾರೆ. ಕೆಲಸವೇನೋ ಚೆನ್ನಾಗಿಯೇ ಆಗುತ್ತದೆ. ಆದರೆ ಮೊದಲನೆಯವರು ‘ಅಷ್ಟು ಒದ್ದಾಡಿದ್ದರಿಂದ ಆಯಿತು, ನಿಜವಾದ ಸಾಮರ್ಥ್ಯವಿದ್ದವರಿಗೆ ಇಷ್ಟು ಒದ್ದಾಟ ಬೇಕೇ’ ಎನ್ನುತ್ತಾರೆ; ಎರಡನೆಯವರು ‘ಅದೃಷ್ಟ’ ಎನ್ನುತ್ತಾರೆ. ಹೇಗೆ ನೋಡಿದರೂ ಯಶಸ್ಸು ಅವರ ಖಾತೆಗೆ ಜಮೆಯಾಗುವುದಿಲ್ಲವಾದ್ದರಿಂದ ಮುಂದಿನ ಕೆಲಸ ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ. ಅದೇ ಆತಂಕ, ಅದೇ ರಾತ್ರಿ ಒಂದು ಗಂಟೆ.

ನೀವು ಬೀಡಿ ಬ್ರಾಂಚಿನ ವಿಷಯ ಬರೆದಿದ್ದೀರಿ. ಅಲ್ಲಿ ನಡೆಯುತ್ತಿದ್ದುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅಮ್ಮ ಕಟ್ಟಿ ತಂದ ಬೀಡಿಯನ್ನು ಹರವಿ, ಕಟ್ಟು ಕಟ್ಟಾಗಿ ನೋಡಿ, ತಲೆ ಸರಿಯಾಗಿ ಮುಚ್ಚದ್ದನ್ನು, ಸೊಪ್ಪು ಹರಿದದ್ದನ್ನು, ಸಡಿಲವಾದದ್ದನ್ನು ತೆಗೆದುಹಾಕುತ್ತಿದ್ದರು. ಹಾಗೆ ತೆಗೆಯುವಾಗ ಅಮ್ಮನಿಗೆ ಬೇಸರವೂ ಆಗಿರಬಹುದು, ಒಂದೆರಡು ಮಾತಿನ ಜಟಾಪಟಿಯೂ ನಡೆದಿರಬಹುದು. ಅಷ್ಟಾದ ಮೇಲೆ ಉಳಿದದ್ದನ್ನು ಎಣಿಸಿ ಬುಕ್ಕಿನಲ್ಲಿ ಬರೆಯುತ್ತಿದ್ದರು. ಸಾವಿರದಲ್ಲಿ ಇಪ್ಪತ್ತು ಬೀಡಿ ಕೆಟ್ಟಿತ್ತೆಂದು ಸಾವಿರವನ್ನೂ ತಿಪ್ಪೆಗೆ ಸುರಿದು ಬರಿ ಬುಕ್ಕು ಕೊಟ್ಟು ಕಳಿಸುವ ಬ್ರಾಂಚು ಇದ್ದಿದ್ದರೆ ನಿಮ್ಮ ಅಮ್ಮ ಮರುದಿನವೇ ಬೇರೆ ಬ್ರಾಂಚು ಹುಡುಕುತ್ತಿದ್ದರು. ನೀವು ಎಂಟು ವರ್ಷಗಳಿಂದ ನಿಮ್ಮೊಳಗೆ ಅಂಥದೊಂದು ಬ್ರಾಂಚು ನಡೆಸುತ್ತಿದ್ದೀರಿ.

ಆದ್ದರಿಂದ ನಿಮಗೆ ಬೇಕಾಗಿರುವುದು ಒಂದು ಬುಕ್ಕು. ನೂರು ಪುಟದ ಸಾಧಾರಣ ನೋಟು ಪುಸ್ತಕ ಸಾಕು. ಮೊಬೈಲಿಗಿಂತ ಕಾಗದ ಒಳ್ಳೆಯದು, ಏಕೆಂದರೆ ನೀವು ಅಳಿಸುವುದರಲ್ಲಿ ನಿಪುಣರು. ಅದರಲ್ಲಿ ‘ನಾನು ಸಮರ್ಥಳು, ನಾನು ಧೈರ್ಯವಂತೆ’ ಎಂಬಂಥ ಘೋಷಣೆಗಳನ್ನು ಬರೆಯಬೇಡಿ. ಅಂಥ ವಾಕ್ಯಗಳನ್ನು ಸಂಶಯದ ಮನಸ್ಸು ಕೂಡಲೇ ಸುಳ್ಳೆಂದು ತಳ್ಳಿಹಾಕುತ್ತದೆ; ಹಾಗೆ ಬರೆಯಲು ಹೇಳಿ ನಾನೇ ಒಂದು ಕಾಲದಲ್ಲಿ ಹಲವರ ಸಮಯ ಹಾಳು ಮಾಡಿದ್ದೇನೆ. ಬರೆಯಬೇಕಾದದ್ದು ನಡೆದ ಸಂಗತಿ. ಉದಾಹರಣೆಗೆ ಆ ರಾತ್ರಿಯದನ್ನು ಬರೆಯೋಣ. ಕರೆ ಬಂದಾಗ ಗಂಟೆ ಎಷ್ಟಾಗಿತ್ತು? ಆ ಹೊತ್ತಿಗೆ ಉಳಿದವರು ಏನೇನು ಪ್ರಯತ್ನಿಸಿ ಕೈಬಿಟ್ಟಿದ್ದರು? ಸಾವಿರಾರು ಸಾಲುಗಳಿರುವ ಕಡತದಲ್ಲಿ ನೀವು ಮೊದಲು ನೋಡಿದ್ದು ಯಾವ ಭಾಗವನ್ನು, ಮತ್ತು ಅಲ್ಲಿಯೇ ನೋಡಬೇಕೆಂದು ಏಕೆ ಅನಿಸಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಬರೆಯದೆ ಪುಟ ಮುಚ್ಚಬೇಡಿ. ಎರಡು ವರ್ಷಗಳ ಹಿಂದೆ ಅಂಥದ್ದೇ ತೊಂದರೆಯನ್ನು ಕಂಡಿದ್ದಿರಬಹುದು. ಹಿಂದಿನ ದಿನ ಯಾರು ಯಾವ ಬದಲಾವಣೆ ಮಾಡಿದ್ದರೆಂಬುದು ನಿಮಗೆ ತಿಳಿದಿದ್ದಿರಬಹುದು. ನನ್ನ ಊಹೆ ಸರಿಯಾಗಿದ್ದರೆ ‘ಅದೃಷ್ಟವಶಾತ್ ಕಣ್ಣಿಗೆ ಬಿತ್ತು’ ಎಂಬ ಮಾತು ಆ ಪುಟದಲ್ಲಿ ನಿಲ್ಲುವುದಿಲ್ಲ. ಅದೇ ಕಡತವನ್ನು ಬೇರೆಯವರೂ ನೋಡಿದ್ದರು. ಅವರ ಕಣ್ಣಿಗೆ ಬೀಳಲಿಲ್ಲ.

ಆ ಬುಕ್ಕಿನಲ್ಲಿ ಕೆಟ್ಟ ಬೀಡಿಯ ಲೆಕ್ಕವೂ ಇರಲಿ. ಇಂಗ್ಲಿಷಿನಲ್ಲಿ ಮಾತನಾಡುವಾಗ ತಡವರಿಸುತ್ತೀರಾದರೆ ಹಾಗೆಂದೇ ಬರೆಯಿರಿ. ಅದು ಕಲಿತು ಸರಿಪಡಿಸಿಕೊಳ್ಳಬಹುದಾದ ಕೊರತೆ. ಒಂದು ವಿಷಯ ಗೊತ್ತಿಲ್ಲದಿರುವುದು ಬೇರೆ, ಗೊತ್ತಿದೆಯೆಂದು ಜನರಿಗೆ ಮೋಸ ಮಾಡುವುದು ಬೇರೆ. ನೀವು ಮೊದಲನೆಯದಕ್ಕೆ ಎರಡನೆಯದರ ಶಿಕ್ಷೆಯನ್ನು ಕೊಟ್ಟುಕೊಳ್ಳುತ್ತಿದ್ದೀರಿ.

ಜೊತೆಗೆ ಒಂದು ಸಣ್ಣ ಪರೀಕ್ಷೆ. ಮುಂದಿನ ವಾರದ ಒಂದು ಮೀಟಿಂಗಿಗೆ, ಅದರಲ್ಲೂ ಹೆಚ್ಚು ಮಹತ್ವವಿಲ್ಲದ್ದಕ್ಕೆ, ಮೊದಲ ಎರಡು ವಾಕ್ಯಗಳನ್ನೂ ಹೇಳಬೇಕಾದ ಮೂರು ವಿಷಯಗಳ ಹೆಸರನ್ನೂ ಮಾತ್ರ ಬರೆದುಕೊಂಡು ಹತ್ತೂವರೆಗೆ ಮಲಗಿಬಿಡಿ. ಮೀಟಿಂಗ್ ಹೇಗಾಯಿತೆಂದು ಸಂಜೆ ಬುಕ್ಕಿನಲ್ಲಿ ಬರೆಯಿರಿ. ಹೆಚ್ಚೆಂದರೆ ಒಂದೆರಡು ಕಡೆ ಮಾತು ತಡೆದೀತು. ಆ ಬಾಯಿಪಾಠದ ರಾತ್ರಿಗಳಿಂದ ನಿಜವಾಗಿ ಎಷ್ಟು ಲಾಭವಾಗುತ್ತಿತ್ತೆಂಬುದನ್ನು ಲೆಕ್ಕ ಹಾಕಲು ನಿಮಗೆ ಬೇರೆ ದಾರಿಯಿಲ್ಲ.

ಇನ್ನು ಕೋಟಾದ ಮಾತು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸರಕಾರ ಸೀಟು ಕಾಯ್ದಿರಿಸಿರುವುದು, ಹಾಗೆ ಓದಿದವರು ಮುಂದೆ ಇಂಗ್ಲಿಷಿನಲ್ಲಿ ಪರೀಕ್ಷೆ ಎದುರಿಸುವಾಗ ಪಡುವ ಪಾಡನ್ನು ತಿಳಿದೇ. ಆ ಸೀಟು ನಿಮ್ಮನ್ನು ಕಾಲೇಜಿನ ಬಾಗಿಲವರೆಗೆ ತಂದಿತು. ಎಂಟು ಸೆಮಿಸ್ಟರುಗಳಲ್ಲಿ ಉತ್ತೀರ್ಣರಾಗಲು ಬೇಕಾದ ಅಂಕ ನಿಮಗೂ ನಿಮ್ಮ ಪಕ್ಕದ ಬೆಂಚಿನವರಿಗೂ ಒಂದೇ ಆಗಿತ್ತು. ಉತ್ತರಪತ್ರಿಕೆ ತಿದ್ದಿದವರಿಗೆ ನೀವು ಯಾವ ಕೋಟಾದವರೆಂಬುದು ತಿಳಿದಿರಲಿಲ್ಲ. ಆ ರಾತ್ರಿ ನಿಂತುಹೋಗಿದ್ದ ಬಿಲ್ಲಿಂಗ್ ವ್ಯವಸ್ಥೆಗಂತೂ ಅದು ತಿಳಿಯುವ ಸಂಭವವೇ ಇಲ್ಲ. ಹಾಗೆ ನಗೆಯಾಡಿದವರದು ಅಸಭ್ಯ ವರ್ತನೆ. ಅದಕ್ಕೆ ನಿಮ್ಮ ಮನಸ್ಸಿನಲ್ಲಿ ಔಷಧ ಹುಡುಕಬೇಕಾಗಿಲ್ಲ. ಮತ್ತೊಮ್ಮೆ ಹಾಗೆ ಹೇಳಿದರೆ ‘ನೀವು ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳುತ್ತೀರಾ’ ಎಂದು ಎಲ್ಲರೆದುರೇ ಕೇಳಿ. ಬಿಡಿಸಿ ಹೇಳುವ ಧೈರ್ಯ ಅಂಥವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಮತ್ತೆಯೂ ನಡೆದರೆ ಲಿಖಿತವಾಗಿ ಮೇಲಿನವರ ಗಮನಕ್ಕೆ ತನ್ನಿ.

ಅಳಿಸಿದ ಮೇಲ್ ತಂಡದ ಯಾರ ಬಳಿಯಾದರೂ ಇದ್ದೀತು. ಅದನ್ನು ಮರಳಿ ತರಿಸಿಕೊಂಡು, ಮುದ್ರಿಸಿ, ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ.

ಪ್ರಶ್ನೆ: ನಾನು ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿ, ವಯಸ್ಸು 27. ವಾರ್ಡಿನಲ್ಲಿ ರೋಗಿಗಳು ‘ಡಾಕ್ಟ್ರೇ’ ಎಂದು ಕರೆದಾಗಲೆಲ್ಲ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತದೆ. ಇದು ಹೆಂಗಸರಿಗೆ ಬರುವ ಸಮಸ್ಯೆಯೆಂದು ಎಲ್ಲೋ ಓದಿದೆ. ಇದು ಕಾಯಿಲೆಯೇ? ಮದ್ದು ಬೇಕೇ?
— ಉಡುಪಿ ಜಿಲ್ಲೆಯ ಓದುಗ

ಉತ್ತರ: ಮಾನಸಿಕ ಕಾಯಿಲೆಗಳ ಅಧಿಕೃತ ವರ್ಗೀಕರಣಗಳಲ್ಲಿ ಇದಕ್ಕೆ ಸ್ಥಾನವಿಲ್ಲ. ಕ್ಲಾನ್ಸ್ ಮತ್ತು ಐಮ್ಸ್ ಕೂಡ ಇದನ್ನು ‘ಸಿಂಡ್ರೋಮ್’, ಅಂದರೆ ರೋಗಲಕ್ಷಣಗಳ ಗುಂಪು, ಎನ್ನದೆ ‘ಫಿನಾಮಿನನ್’, ಅಂದರೆ ವಿದ್ಯಮಾನ, ಎಂದೇ ಕರೆದಿದ್ದರು. ಸಿಂಡ್ರೋಮ್ ಎಂಬುದು ಜನರ ಬಾಯಲ್ಲಿ ಆಮೇಲೆ ಸೇರಿಕೊಂಡದ್ದು. ಹೆಂಗಸರಿಗೆ ಮಾತ್ರವೆಂಬುದೂ ನಿಂತಿಲ್ಲ. 2020ರಲ್ಲಿ ಪ್ರಕಟವಾದ ಒಂದು ಸಮಗ್ರ ಅವಲೋಕನವು 62 ಅಧ್ಯಯನಗಳನ್ನು, ಅಂದರೆ ಒಟ್ಟು 14,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿತು. ಗಂಡು ಹೆಣ್ಣುಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಹೆಚ್ಚೆಂದವು, ಉಳಿದರ್ಧ ವ್ಯತ್ಯಾಸವಿಲ್ಲವೆಂದವು. ಎಷ್ಟು ಮಂದಿಗೆ ಈ ಭಾವನೆಯಿದೆ ಎಂಬುದಕ್ಕೆ ಶೇ. 9ರಿಂದ ಶೇ. 82ರವರೆಗೆ ಉತ್ತರಗಳು ಸಿಕ್ಕವು. ಯಾವ ಪ್ರಶ್ನಾವಳಿ ಬಳಸಿದರು, ಎಷ್ಟು ಅಂಕಕ್ಕೆ ಗೆರೆ ಎಳೆದರು ಎಂಬುದರ ಮೇಲೆ ಅದು ಅವಲಂಬಿಸಿದೆ. ಆದ್ದರಿಂದ ‘ನೂರಕ್ಕೆ ಇಷ್ಟು ಮಂದಿಗೆ ಇದೆ’ ಎಂದು ಖಚಿತವಾಗಿ ಬರೆದಿರುವ ಲೇಖನಗಳನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಕ್ಲಾನ್ಸ್ ಅವರ ಪ್ರಶ್ನಾವಳಿಯಲ್ಲಿ 20 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಒಟ್ಟು ಅಂಕ ಹೆಚ್ಚಾದಷ್ಟೂ ಈ ಭಾವನೆ ತೀವ್ರವೆಂದು ಅರ್ಥ. ವೈದ್ಯರಾದ ನಿಮಗೆ ಬೇರೆ ಹೇಳಬೇಕಿಲ್ಲ, ಅದು ಜ್ವರಮಾಪಕದ ಹಾಗೆ, ಕಾರಣವನ್ನು ಹೇಳುವುದಿಲ್ಲ.

ಕಾರಣದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಕಲಿಯುತ್ತಿರುವವರನ್ನೇ ಕೆಲಸಕ್ಕೂ ನಿಲ್ಲಿಸುವ ವೃತ್ತಿಗಳಲ್ಲಿ ಈ ಅಳುಕು ಸ್ವಲ್ಪ ಮಟ್ಟಿಗೆ ಇದ್ದೇ ಇರುತ್ತದೆ, ಇರಲೂಬೇಕು. ತನಗೆ ಗೊತ್ತಿಲ್ಲದ್ದು ಇದೆಯೆಂದು ಅರಿತು ಹಿರಿಯರನ್ನು ಕರೆದು ಕೇಳುವ ಕಿರಿಯ ವೈದ್ಯನ ಕೈಗೆ ನನ್ನ ಮನೆಯವರನ್ನು ಒಪ್ಪಿಸಲು ನನಗೆ ಭಯವಿಲ್ಲ. ಆದರೆ ಅಳುಕು ಹೆಚ್ಚಾಗಿ ಹಿರಿಯರನ್ನು ಕೇಳುವುದಕ್ಕೇ ನಾಚಿಕೆಯಾಗತೊಡಗಿದರೆ ಅಪಾಯ. ನಿಮಗೆ ಆ ಹಂತ ಬಂದಿದೆಯೇ ಎಂದು ನೋಡಿಕೊಳ್ಳಿ. ಇನ್ನೊಂದನ್ನೂ ಗಮನಿಸಿ: ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ದೆ, ಹಸಿವು, ಉತ್ಸಾಹ ಕುಗ್ಗಿದ್ದರೆ, ಬದುಕು ಬೇಡವೆನಿಸುವ ಯೋಚನೆ ಸುಳಿದರೆ, ಅದನ್ನು ಇಂಪೋಸ್ಟರ್ ಸಿಂಡ್ರೋಮ್ ಎಂಬ ಫ್ಯಾಶನ್ ಹೆಸರಿನಡಿ ಮುಚ್ಚಿಡದೆ ಮನೋವೈದ್ಯರನ್ನು ಕಾಣಿರಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ತಮ್ಮ ವೃತ್ತಿಯ ಇನ್ನೊಬ್ಬರ ಮುಂದೆ ರೋಗಿಯಾಗಿ ಕುಳಿತುಕೊಳ್ಳಲು ವೈದ್ಯರೇ ಎಲ್ಲರಿಗಿಂತ ಹೆಚ್ಚು ಹಿಂಜರಿಯುತ್ತಾರೆಂಬುದು ನನ್ನ ಅನುಭವ.

ಪ್ರಶ್ನೆ: ಪ್ರೌಢಶಾಲೆಯ ಅಧ್ಯಾಪಕ, ವಯಸ್ಸು 46. ಹನ್ನೆರಡು ವರ್ಷಗಳಿಂದ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಹವ್ಯಾಸಿಯಾಗಿ ಪಾತ್ರಗಳ ಮಾತು, ಅಂದರೆ ಅರ್ಥ, ಹೇಳುತ್ತಿದ್ದೇನೆ. ಇತ್ತೀಚೆಗೆ ದೊಡ್ಡ ಅರ್ಥಧಾರಿಗಳ ಜೊತೆ ಕೂಟಗಳಿಗೆ ಕರೆಯುತ್ತಿದ್ದಾರೆ. ಜನ ಮೆಚ್ಚಿದರೆ, ‘ಭಾಗವತರ ಪದ್ಯ ಹಾಗಿತ್ತು, ಎದುರು ಕುಳಿತವರು ಎತ್ತಿ ಕೊಟ್ಟರು, ನನ್ನದೇನಿಲ್ಲ’ ಎನ್ನುತ್ತೇನೆ. ಅದು ಬಾಯುಪಚಾರದ ಮಾತಲ್ಲ, ನಿಜವಾಗಿ ಹಾಗೆಯೇ ಅನಿಸುತ್ತದೆ. ಈ ಮಳೆಗಾಲ ಮೂರು ಕೂಟಗಳಿಗೆ ‘ಆರೋಗ್ಯ ಸರಿಯಿಲ್ಲ’ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ.
— ಮೂಲ್ಕಿ

ಉತ್ತರ: ಮಾಸ್ತರರೇ, ನಿಮ್ಮ ಪತ್ರ ಓದಿ ಒಂದು ಕ್ಷಣ ನಕ್ಕೆ, ಕ್ಷಮಿಸಿ. ಅರ್ಧ ಗಂಟೆ ಕೌರವನಾಗಿ ಕುಳಿತು ಕೃಷ್ಣನ ಮಾತಿಗೆ ಮಾತು ಕೊಟ್ಟು ‘ಸೂಜಿಯ ಮೊನೆಯಷ್ಟೂ ನೆಲ ಕೊಡೆ’ ಎಂದು ವಾದಿಸಬಲ್ಲವರು, ಕೂಟ ಮುಗಿದ ಕೂಡಲೇ ತಮ್ಮ ಪಾಲಿನ ನೆಲವನ್ನೆಲ್ಲ ಎದುರಿನವರಿಗೆ ಬರೆದುಕೊಟ್ಟು ಎದ್ದು ಹೋಗುತ್ತೀರಲ್ಲ.

ತಾಳಮದ್ದಳೆಯಲ್ಲಿ ಒಬ್ಬರೇ ಗೆಲ್ಲುವುದಕ್ಕಾಗುವುದಿಲ್ಲವೆಂಬುದು ಸತ್ಯ. ಬರೆದಿಟ್ಟ ಸಂಭಾಷಣೆಯಿಲ್ಲ, ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅದರ ಭಾವವನ್ನು ಆ ಗಳಿಗೆಯಲ್ಲೇ ಮಾತಾಗಿಸಬೇಕು, ಎದುರಿನವರು ಎಸೆದ ಪ್ರಶ್ನೆಯನ್ನು ಕೆಳಗೆ ಬೀಳದಂತೆ ಹಿಡಿಯಬೇಕು. ಹಾಗಾಗಿ ಭಾಗವತರಿಗೂ ಎದುರಿನವರಿಗೂ ಪಾಲು ಕೊಡುವುದು ಸರಿಯಾದ ಲೆಕ್ಕವೇ. ತಪ್ಪಿರುವುದು ಪಾಲು ಹಾಕಿದ ರೀತಿಯಲ್ಲಿ. ಎದುರಿನವರು ನಿಮ್ಮನ್ನು ಎತ್ತಿಕೊಟ್ಟರೆಂದರೆ ಅದೇ ಹೊತ್ತಿನಲ್ಲಿ ನೀವೂ ಅವರನ್ನು ಎತ್ತಿಕೊಟ್ಟಿರಲೇಬೇಕು. ದುರ್ಬಲರು ಎದುರಿಗೆ ಕುಳಿತಾಗ ದೊಡ್ಡ ಅರ್ಥಧಾರಿಗಳ ಮಾತೂ ಹೇಗೆ ಸೊರಗುತ್ತದೆಂಬುದನ್ನು ನೀವೇ ಕಂಡಿರುತ್ತೀರಿ. ಅವರು ನಿಮ್ಮನ್ನು ಮತ್ತೆ ಮತ್ತೆ ಜೊತೆಗೆ ಬಯಸುತ್ತಿರುವುದಕ್ಕೆ ದಾಕ್ಷಿಣ್ಯವೇ ಕಾರಣವಾಗಿದ್ದರೆ ಒಂದು ಕೂಟಕ್ಕೆ ಮುಗಿಯುತ್ತಿತ್ತು.

ಈಗ ಹೆಚ್ಚಿನ ಕೂಟಗಳನ್ನು ಯಾರಾದರೂ ಮೊಬೈಲಿನಲ್ಲಿಯಾದರೂ ದಾಖಲಿಸಿರುತ್ತಾರೆ. ಐದಾರು ವರ್ಷಗಳ ಹಿಂದಿನದೊಂದು, ಈ ವರ್ಷದ್ದೊಂದು ಧ್ವನಿಮುದ್ರಣ ಸಂಪಾದಿಸಿ, ಬಾಗಿಲು ಹಾಕಿಕೊಂಡು ಕೇಳಿ. ಸ್ವಂತ ಧ್ವನಿ ಕೇಳಲು ಮೊದಲ ಹತ್ತು ನಿಮಿಷ ಮುಜುಗರವಾಗುತ್ತದೆ. ನಾನು ನನ್ನದೊಂದು ಭಾಷಣವನ್ನು ಹೀಗೆ ಕೇಳಲು ಹೋಗಿ ಮೂರು ಬಾರಿ ಅರ್ಧದಲ್ಲೇ ನಿಲ್ಲಿಸಿದ್ದೆ. ಮುಜುಗರ ಕಳೆದ ಮೇಲೆ, ಶಿಷ್ಯನೊಬ್ಬನ ಉತ್ತರಪತ್ರಿಕೆ ತಿದ್ದುವ ಹಾಗೆ ಕಾಗದ ಹಿಡಿದು ಬರೆಯಿರಿ: ಎದುರಿನ ಪ್ರಶ್ನೆಗೆ ಎಲ್ಲಿ ಹಾರಿಕೆಯ ಉತ್ತರ ಕೊಟ್ಟಿರಿ, ಎಲ್ಲಿ ಅವರ ಮಾತಿನಿಂದಲೇ ನಿಮ್ಮ ವಾದದ ಎಳೆಯನ್ನು ಹೆಕ್ಕಿದಿರಿ, ಯಾವ ಮಾತಿಗೆ ಸಭೆಯಲ್ಲಿ ಪಿಸುಗುಡುವಿಕೆ ನಿಂತಿತು. ಎರಡು ಧ್ವನಿಮುದ್ರಣಗಳ ನಡುವಿನ ಅಂತರವೇ ನಿಮ್ಮ ಸಾಧನೆ. ಅದರಲ್ಲಿ ಭಾಗವತರಿಗೂ ಎದುರಿನವರಿಗೂ ಪಾಲು ಹಾಕುವುದು ನಿಮಗೂ ಕಷ್ಟವಾದೀತು, ಏಕೆಂದರೆ ಆ ಐದು ವರ್ಷ ರಾತ್ರಿ ಕುಳಿತು ಓದಿದವರು ಅವರಲ್ಲ.

ತಪ್ಪಿಸಿಕೊಂಡ ಮೂರು ಕೂಟಗಳ ಬಗ್ಗೆ ಮಾತ್ರ ನನಗೆ ಚಿಂತೆಯಿದೆ. ಪ್ರತಿ ಬಾರಿ ತಪ್ಪಿಸಿಕೊಂಡಾಗಲೂ ಮನಸ್ಸಿಗೆ ನೆಮ್ಮದಿಯಾಗುತ್ತದೆ. ಆ ನೆಮ್ಮದಿಯ ರುಚಿ ಹತ್ತಿದರೆ ಮುಂದಿನ ಸಲ ಸುಳ್ಳು ಇನ್ನೂ ಸುಲಭವಾಗಿ ಬರುತ್ತದೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ ದೀಪಾವಳಿಯವರೆಗೂ ಕೂಟಗಳಿಗೆ ಕೊರತೆಯಿಲ್ಲ. ಮುಂದಿನ ಕರೆ ಬಂದ ಕೂಡಲೇ, ಯೋಚಿಸಲು ಸಮಯ ಕೇಳದೆ, ಒಪ್ಪಿಕೊಂಡುಬಿಡಿ. ಕೂಟ ಮುಗಿದು ಯಾರಾದರೂ ಮೆಚ್ಚಿದರೆ ‘ಸಂತೋಷವಾಯಿತು’ ಎಂದು ಹೇಳಿ ಅಲ್ಲಿಗೆ ಬಾಯಿ ಮುಚ್ಚಿ. ನಮ್ಮ ತುಳುನಾಡಿನಲ್ಲಿ ಹೊಗಳಿಕೆಯ ಮಾತು ಪೂರ್ತಿಯಾಗುವ ಮೊದಲೇ ‘ಅಂಚ ದಾಲ ಇಜ್ಜಿ’, ಹಾಗೇನಿಲ್ಲ, ಎನ್ನುವುದು ಎಲ್ಲರ ಅಭ್ಯಾಸ. ಎದುರಿನವರಿಗೆ ಅದು ವಿನಯವಾಗಿ ಕೇಳಿಸುತ್ತದೆ. ಆದರೆ ಇಪ್ಪತ್ತು ವರ್ಷ ದಿನವೂ ಹಾಗೆ ಹೇಳಿಕೊಂಡು ಬಂದರೆ ಹೇಳಿದ ಬಾಯಿಯ ಹತ್ತಿರದ ಕಿವಿ ಅದನ್ನು ನಂಬಿಬಿಡುತ್ತದೆ.

ಪ್ರಶ್ನೆ: ಮಗಳಿಗೆ ದ್ವಿತೀಯ ಪಿಯುಸಿಯಲ್ಲಿ ಶೇ. 96 ಬಂದಿದೆ. ‘ಪೇಪರ್ ಸುಲಭ ಇತ್ತು ಅಪ್ಪ, ನಾನೇನೂ ಬುದ್ಧಿವಂತೆ ಅಲ್ಲ’ ಎಂದು ಅಳುತ್ತಾಳೆ. ನಾವು ‘ನೀನು ಬುದ್ಧಿವಂತೆ, ನಿನಗೆ ಎಲ್ಲವೂ ಆಗುತ್ತದೆ’ ಎಂದಷ್ಟೂ ಅಳು ಹೆಚ್ಚುತ್ತದೆ. ಏನು ಮಾಡಬೇಕು?
— ಒಬ್ಬ ತಂದೆ, ಉಡುಪಿ

ಉತ್ತರ: ಮೊದಲಿಗೆ ಆ ‘ಬುದ್ಧಿವಂತೆ’ ಎಂಬ ಪದವನ್ನು ಕೆಲವು ತಿಂಗಳು ಮನೆಯಲ್ಲಿ ಬಳಸಬೇಡಿ. ‘ಬುದ್ಧಿವಂತರ ಜಿಲ್ಲೆ’ ಎಂಬ ಹೆಸರು ಹೊತ್ತುಕೊಂಡಿರುವ ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇದು ಕಷ್ಟದ ಪಥ್ಯ. 2024ರಲ್ಲಿಯೂ 2025ರಲ್ಲಿಯೂ ಪಿಯು ಫಲಿತಾಂಶದ ಮೊದಲೆರಡು ಸ್ಥಾನ ದಕ್ಷಿಣ ಕನ್ನಡ, ಉಡುಪಿಗಳಿಗೇ ಬಂದವು. ಸುತ್ತಮುತ್ತ ಎಲ್ಲರಿಗೂ ತೊಂಬತ್ತರ ಮೇಲೆ ಬಂದಿರುವಾಗ ತನ್ನ ತೊಂಬತ್ತಾರನ್ನು ಮಗು ‘ಸುಲಭದ ಪೇಪರ್’ ಎಂದು ತಳ್ಳಿಹಾಕಿದರೆ ಆಶ್ಚರ್ಯವಿಲ್ಲ.

1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಗಟಿನಂಥ ಲೆಕ್ಕಗಳನ್ನು ಬಿಡಿಸಿದ ಮೇಲೆ ಕೆಲವು ಮಕ್ಕಳಿಗೆ ‘ನೀನು ಜಾಣ’ ಎಂದೂ ಇನ್ನು ಕೆಲವರಿಗೆ ‘ಚೆನ್ನಾಗಿ ಪ್ರಯತ್ನಪಟ್ಟೆ’ ಎಂದೂ ಹೇಳಿ, ಆಮೇಲೆ ಕಠಿಣವಾದ ಲೆಕ್ಕ ಕೊಟ್ಟರು. ಅದರಲ್ಲಿ ಎಡವಿದ ನಂತರ ಜಾಣರೆನಿಸಿಕೊಂಡ ಮಕ್ಕಳ ಉತ್ಸಾಹ ಹೆಚ್ಚು ಕುಗ್ಗಿತು. ತಮಗೆ ಬಂದ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸುವಾಗ ಅದನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ಹೊಗಳಿಕೆಯ ಒಂದು ಮಾತಿನಿಂದ ಮಕ್ಕಳ ಬದುಕೇ ಬದಲಾಗುತ್ತದೆಂದು ನಾನು ಹೇಳಲಾರೆ, ಆದರೆ ಆ ಸುಳ್ಳು ಅಂಕದ ವಿಚಾರ ನನ್ನನ್ನು ಬಿಟ್ಟಿಲ್ಲ: ಜಾಣೆಯೆಂಬ ಪಟ್ಟ ಬಂದ ಕೂಡಲೇ ಅದನ್ನು ಕಾಯುವ ಕೆಲಸ ಶುರುವಾಗುತ್ತದೆ.

ಅವಳು ಅಳುವಾಗ ವಾದಕ್ಕಿಳಿಯದೆ, ಸಮಾಧಾನವಾದ ಮೇಲೆ ಅವಳ ಹಳೆಯ ನೋಟು ಪುಸ್ತಕಗಳನ್ನು ರದ್ದಿಯವರಿಗೆ ಕೊಡುವ ಮೊದಲು ಒಮ್ಮೆ ಜೊತೆಯಲ್ಲಿ ಕುಳಿತು ತಿರುವಿಹಾಕಿ. ಜೂನ್ ತಿಂಗಳಲ್ಲಿ ಬಿಡಿಸಲಾಗದೆ ಗೀಚಿಹಾಕಿದ ಲೆಕ್ಕ, ಜನವರಿಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿದ ಅಂಥದ್ದೇ ಲೆಕ್ಕ ಎರಡೂ ಅಲ್ಲಿ ಸಿಗುತ್ತವೆ. ‘ಇದು ಹೇಗೆ ಬಂತು ಮಗಾ’ ಎಂದು ಕೇಳಿ ಸುಮ್ಮನಿರಿ. ಅವಳೇ ಹೇಳಲಿ.

ಪ್ರಶ್ನೆ: ತನ್ನ ಸಾಧನೆಯನ್ನು ತಾನೇ ಬರೆದಿಟ್ಟುಕೊಳ್ಳಿ ಎಂದು ಈಗಿನ ಸಲಹೆಗಾರರೆಲ್ಲ ಹೇಳುತ್ತೀರಿ. ಇದು ಅಹಂಕಾರವನ್ನು ಬೆಳೆಸುವುದಿಲ್ಲವೇ? ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮಗೆ ಕಲಿಸಿದ್ದರು.
— ನಿವೃತ್ತ ನೌಕರ, 71, ಉಡುಪಿ

ಉತ್ತರ: ಹಿರಿಯರೇ, ಆ ಗಾದೆ ಕೊಡ ತುಳುಕಬಾರದೆಂದು ಹೇಳುತ್ತದೆ, ನೀರನ್ನು ಚೆಲ್ಲಿ ಖಾಲಿ ಮಾಡಿಕೊಳ್ಳಲು ಹೇಳುವುದಿಲ್ಲ. ನಾನು ಬರೆಯಲು ಹೇಳುವ ಬುಕ್ಕು ಊರಿಗೆ ತೋರಿಸುವುದಕ್ಕಲ್ಲ. ಅಹಂಕಾರಿಗಳಿಗೆ ಅಂಥ ಬುಕ್ಕಿನ ಅಗತ್ಯವೂ ಇರುವುದಿಲ್ಲ. ಅವರ ಲೆಕ್ಕ ಬಾಯಲ್ಲೇ ಇರುತ್ತದೆ.

ನಿಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಪಡೆದು ಬರೆದುಕೊಂಡು ಹೋಗುತ್ತಿದ್ದರು. ಎರಡಾಣೆಯನ್ನು ಬರೆದಿಡುವುದೇನಿದೆ ಎಂದು ಬಿಟ್ಟಿದ್ದರೆ ಅದು ಸಂಜೆಯೊಳಗೆ ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ದಿನದ ಸಣ್ಣ ಕೆಲಸಗಳೂ ಹಾಗೆಯೇ. ಅಂದಂದಿನದನ್ನು ಅಂದಂದೇ ಬರೆಯಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ತಿಂಗಳ ಕೊನೆಯಲ್ಲಿ ನೆನಪಿಸಿಕೊಂಡು ಬರೆಯಲು ಕುಳಿತರೆ ಸಂಶಯದ ಮನಸ್ಸು ಸೋತದ್ದನ್ನು ಮಾತ್ರ ನೆನಪಿಸಿಕೊಡುತ್ತದೆ.

ನನ್ನ ತಂದೆ ರಥಬೀದಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟಿದ್ದರು. ಸಂಜೆ ಏಜೆಂಟರು ಬಂದು ಹೋದ ಮೇಲೆ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ, ಕನ್ನಡಕ ಹಾಕಿಕೊಂಡು, ಬಿಸ್ಕತ್ತಿನ ಡಬ್ಬಿಯಿಂದ ಪಿಗ್ಮಿಯ ಪುಸ್ತಕ ತೆಗೆದು, ಅಂದಿನ ಮೊತ್ತ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದರು. ಆಮೇಲೆ ಒಟ್ಟು ಎಷ್ಟಾಯಿತೆಂದು ಬೆರಳಿಟ್ಟು ಓದಿ, ಪುಸ್ತಕವನ್ನು ಡಬ್ಬಿಗೆ ಹಾಕಿ, ಕನ್ನಡಕ ತೆಗೆದು, ಮನೆಗೆ ಹೊರಡುತ್ತಿದ್ದರು. ಆ ಮೊತ್ತ ಎಷ್ಟೆಂದು ನಮಗ್ಯಾರಿಗೂ ಅವರು ಹೇಳಿದ್ದಿಲ್ಲ; ಅವರನ್ನು ಅಹಂಕಾರಿ ಎಂದು ಯಾರೂ ಕರೆದದ್ದೂ ನನಗೆ ನೆನಪಿಲ್ಲ.